ಎಲ್ಲ ಚಿತ್ರಗಳೂ ಒಂದೇ ಥರ ಕಾಣುವುದು ಜೋಡಣೆಯಿಂದ

ನೀವು ಕಳಿಸಿದ ಗ್ಯಾಲರಿಯ ಫೋಟೋ ನೋಡಿದೆ. ನಿಮ್ಮ ಹಳೆಯ ಮನೆಯನ್ನು ಬಿಡಿಸಿದ ಚಿತ್ರಗಳ ಪ್ರದರ್ಶನದಲ್ಲಿ ಜನ ‘ಎಲ್ಲಾ ಒಂದೇ ಥರ ಇದೆ’ ಅಂತ ಬೇಗ ಹೊರಟುಬಿಡಲು ಮುಖ್ಯ ಕಾರಣ ಜೋಡಣೆ ಅನ್ನಿಸುತ್ತದೆ, ಚಿತ್ರಗಳಲ್ಲ. ಬಿಡಿಸಿದ ವರ್ಷದ ಪ್ರಕಾರ ಸಾಲಾಗಿ ತೂಗುಹಾಕಿದ್ದೀರಿ, ನಡುವೆ ಜಾಗವೇ ಇಲ್ಲ. ಆ ಮನೆಯನ್ನು ನೋಡದವರು ಎಲ್ಲಿಂದ ಒಳಗೆ ಬರಬೇಕು?

ಮೊದಲು ಮನೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ: ಜಗಲಿ, ನಡುಮನೆ, ಅಡುಗೆಮನೆ, ಹಿತ್ತಲು. ಅದೇ ಕ್ರಮದಲ್ಲಿ ಚಿತ್ರಗಳನ್ನು ಗೋಡೆಗೆ ಒರಗಿಸಿಟ್ಟು ನೋಡಿ. ಎರಡು ಚಿತ್ರಗಳು ಒಂದೇ ಮಾತು ಹೇಳುತ್ತಿದ್ದರೆ ಒಂದನ್ನು ತೆಗೆದುಬಿಡಿ. ಕಷ್ಟ ಆಗುತ್ತದೆ, ಆದರೂ ತೆಗೆಯಿರಿ. ಅಲಿಗಢದಲ್ಲಿ ಹುಟ್ಟಿದ ಕಲಾವಿದೆ ಜರೀನಾ ಹಶ್ಮಿ ತಾವು ಬಾಳಿದ ಮನೆಗಳನ್ನು 1997ರಲ್ಲಿ ಬರೀ ಒಂಬತ್ತು ಎಚಿಂಗ್‌ಗಳಲ್ಲಿ (ಲೋಹದ ಹಾಳೆಯಲ್ಲಿ ಗೆರೆ ಕೊರೆದು ಅಚ್ಚು ತೆಗೆದ ಚಿತ್ರಗಳು), ನಕ್ಷೆಯ ಗೆರೆಗಳಲ್ಲೇ ತೋರಿಸಿದರು. ಹುಡುಕಿ ನೋಡಿ, ಎಷ್ಟು ಕಡಿಮೆ ಸಾಕು ಅಂತ ಗೊತ್ತಾಗುತ್ತದೆ.

ಆಮೇಲೆ ತೂಗುಹಾಕಿ. ಚಿತ್ರದ ನಡುಭಾಗ ನೆಲದಿಂದ 57–60 ಇಂಚು ಎತ್ತರಕ್ಕೆ ಬರಲಿ. ಒಂದೇ ಕೋಣೆಯ ಚಿತ್ರಗಳು ಹತ್ತಿರ ಇರಲಿ. ಬೇರೆ ಕೋಣೆ ಶುರುವಾಗುವ ಕಡೆ ಖಾಲಿ ಗೋಡೆ ಜಾಸ್ತಿ ಬಿಡಿ. ಬಾಗಿಲ ಹತ್ತಿರದ ಉದ್ದ ಬರಹದ ಬದಲು ನಾಲ್ಕೇ ಸಾಲು ಹಾಕಿ: ಯಾವ ಊರಿನ ಮನೆ, ಯಾರಿದ್ದರು, ಈಗ ಏನಾಗಿದೆ.

ಬಲಗಡೆ ಗೋಡೆ ನಿಮ್ಮ ಫೋಟೋದಲ್ಲಿಲ್ಲ, ಹಾಗಾಗಿ ಬೆಳಕಿನ ಬಗ್ಗೆ ಖಚಿತವಾಗಿ ಹೇಳಲಾರೆ. ಎಣ್ಣೆಬಣ್ಣದ ಹೊಳಪು ಕಣ್ಣಿಗೆ ಹೊಡೆಯುತ್ತಿದ್ದರೆ ಸ್ಪಾಟ್‌ಲೈಟನ್ನು ಸುಮಾರು 30 ಡಿಗ್ರಿ ಓರೆಗೆ ತಿರುಗಿಸಿ.

ಗ್ಯಾಲರಿಯವರನ್ನು ಇವತ್ತೇ ಕೇಳಿ, ಬೆಳಿಗ್ಗೆ ತೆರೆಯುವ ಮುಂಚೆ ಸಮಯ ಕೊಡುತ್ತಾರಾ ಅಂತ. ಇಬ್ಬರು ಗೆಳೆಯರು, ಅಳತೆ ಟೇಪು, ಒಂದು ಏಣಿ ಸಾಕು.