ರೀಮ್ಯಾಪ್ ಆಗಿರುವ ಟರ್ಬೊ ಕಾರಿಗೆ 60 ಸಾವಿರದಲ್ಲಿ ಮುಂದೆ ಏನು ಹಾಕಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಇರೋದು ವಿಜಯಪುರದಲ್ಲಿ. 2016ರ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ, ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್), ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ. ಹಿಂದಿನ ಮಾಲೀಕರು ಸ್ಟೇಜ್ 1 ರೀಮ್ಯಾಪ್ ಮಾಡಿಸಿಯೇ ಮಾರಿದ್ದಾರೆ, ಅಂದರೆ ಬಿಡಿಭಾಗ ಬದಲಿಸದೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ (ಮ್ಯಾಪ್) ತಿದ್ದಿಸಿ ಶಕ್ತಿ ಹೆಚ್ಚಿಸಿದ್ದಾರೆ. ಕೈಯಲ್ಲಿ 60 ಸಾವಿರ ಇದೆ. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೆ ಒಯ್ಯೋ ಪೈಪ್) ಹಾಕಿಸಿ ಸ್ಟೇಜ್ 2ಕ್ಕೆ ಹೋಗಲಾ, ಇಂಟೇಕ್ (ಎಂಜಿನ್ ಗಾಳಿ ಎಳೆಯೋ ಫಿಲ್ಟರ್-ಪೈಪು) ಹಾಕಿಸಲಾ, ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿ ತಣಿಸೋ ರೇಡಿಯೇಟರ್) ಹಾಕಿಸಲಾ ಅಂತ ಕೇಳಿದ್ದೀರಿ. ಆಗಾಗ ಬೆಳಗಾವಿ ಮೇಲೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗ್ತೀನಿ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ನನ್ನ ಉತ್ತರ ನಿಂತಿರೋದು ಆ ಸಾಲಿನ ಮೇಲೆ.

ಮೂರರಲ್ಲಿ ಒಂದೂ ಈಗ ಬೇಡ. ಮೊದಲು ಟೈರ್, ಬ್ರೇಕ್, ಸ್ಪಾರ್ಕ್ ಪ್ಲಗ್. ಆಮೇಲೆ ಲಾಗ್ (ಓಡುವಾಗ ಎಂಜಿನ್ ಸೆನ್ಸರ್ ಕೊಡೋ ಅಂಕಿಗಳ ದಾಖಲೆ) ತೆಗೆದು ನೋಡಿ, ಬೇಕಾದರೆ ಇಂಟರ್‌ಕೂಲರ್. ಡೌನ್‌ಪೈಪ್ ಆಸೆಯನ್ನು ಈ ಗೇರ್‌ಬಾಕ್ಸ್ ಇರೋ ತನಕ ಬಿಟ್ಟುಬಿಡಿ.

ಯಾಕೆ ಅಂದರೆ, ನಿಮ್ಮ ಕಾರಿನಲ್ಲಿ ಎಂಜಿನ್ ದುರ್ಬಲ ಭಾಗವಲ್ಲ. ಕಂಪನಿಯಿಂದ ಬಂದಾಗ ಶಕ್ತಿ 180 ಪಿಎಸ್, ಟಾರ್ಕ್ (ತಿರುಗಿಸುವ ಬಲ) 250 ಎನ್‌ಎಂ. ಈ 250 ಅನ್ನೋ ಅಂಕಿ ಎಂಜಿನ್ನಿನ ಮಿತಿ ಅಲ್ಲ, ಗೇರ್‌ಬಾಕ್ಸಿನದು. ಡಿಕ್ಯೂ200 ಅನ್ನೋ ಏಳು ಸ್ಪೀಡಿನ ಡಿಎಸ್‌ಜಿ ತಯಾರಾಗಿರೋದೇ 250 ಎನ್‌ಎಂ ತನಕ. ಅದರೊಳಗಿನ ಎರಡು ಕ್ಲಚ್ಚೂ ಡ್ರೈ. ಅಂದರೆ ಬಿಸಿ ಹೊತ್ತೊಯ್ಯೋಕೆ ಎಣ್ಣೆ ಇಲ್ಲ. ಅನುಮಾನ ಇದ್ದರೆ ಅದೇ ಕಾಲದ ಸುಪರ್ಬ್ 1.8 ನೋಡಿ. ಮ್ಯಾನ್ಯುವಲ್‌ಗೆ ಕಂಪನಿ 320 ಎನ್‌ಎಂ ಕೊಟ್ಟಿತ್ತು, ಡಿಎಸ್‌ಜಿಗೆ 250. ಎಂಜಿನ್ ಅದೇ 1.8. 350 ಎನ್‌ಎಂ ಇದ್ದ ಆಕ್ಟೇವಿಯಾ ಆರ್‌ಎಸ್‌ಗೆ ಬೇರೆಯೇ ಗೇರ್‌ಬಾಕ್ಸ್ ಹಾಕಿದರು, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನದು.

ನಿಮ್ಮ ಕಾರು ಸ್ಟೇಜ್ 1ರಲ್ಲೇ ಆ ಗೆರೆ ದಾಟಿದೆ. ಡೌನ್‌ಪೈಪ್ ಸುಮ್ನೆ ಹಾಕಿಸಿದರೆ ಸದ್ದು ಬಿಟ್ಟು ಹೆಚ್ಚೇನೂ ಸಿಗಲ್ಲ. ಅದರ ಲಾಭ ಪಡೆಯೋಕೆ ಸ್ಟೇಜ್ 2 ಮ್ಯಾಪ್ ಬೇಕು. ಮ್ಯಾಪ್ ಬಂದರೆ ಟಾರ್ಕ್ ಇನ್ನೂ ಏರುತ್ತದೆ, ಕ್ಲಚ್ ಪ್ಯಾಕ್ ಬೇಗ ಸವೆಯುತ್ತದೆ. ಆ ಬಿಲ್ ಬಂದಾಗ ನಿಮ್ಮ 60 ಸಾವಿರ ಅದರ ಮುಂಗಡಕ್ಕೆ ಆದೀತು ಅಷ್ಟೆ. ಇನ್ನೊಂದು ಮಾತು: ಇಲ್ಲಿ ಮಾರುವ ಡೌನ್‌ಪೈಪ್‌ಗಳಲ್ಲಿ ಎಷ್ಟೋ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ತಗ್ಗಿಸೋ ಭಾಗ) ಇಲ್ಲದವು. ಮಾಲಿನ್ಯದ ನಿಯಮಕ್ಕೆ ಅವು ಒಗ್ಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸೋದನ್ನು ತಡೆಯುತ್ತದೆ. ಅಪಘಾತ ಆದಾಗ ಇನ್ಶೂರೆನ್ಸ್‌ನವರು ಮೊದಲು ಹುಡುಕೋದೇ ಇಂಥದ್ದನ್ನ. ರೀಮ್ಯಾಪ್ ಬಗ್ಗೆಯೂ ಅವರಿಗೆ ಗೊತ್ತಿದೆಯಾ ಅಂತ ಪಾಲಿಸಿ ತೆಗೆದು ನೋಡಿಕೊಳ್ಳಿ.

ಇಂಟೇಕ್ ವಿಷಯ ಬೇಗ ಮುಗಿಸ್ತೀನಿ. ಕಂಪನಿಯ ಏರ್‌ಬಾಕ್ಸ್ ಮುಂದಿನ ಗ್ರಿಲ್ ಕಡೆಯಿಂದ ತಂಪು ಗಾಳಿ ಎಳೆಯುತ್ತದೆ. ಬಾನೆಟ್ ಒಳಗೆ ತೆರೆದಿಟ್ಟ ಕೋನ್ ಫಿಲ್ಟರ್ ಎಂಜಿನ್ನಿನದೇ ಬಿಸಿ ಗಾಳಿ ಎಳೆಯುತ್ತದೆ, ಜೊತೆಗೆ ನಿಮ್ಮೂರಿನ ಧೂಳು. ಹೊಸ ಪೇಪರ್ ಫಿಲ್ಟರ್ ಹಾಕಿಸಿ, ಸಾಕು.

ಈಗ ಬಿಸಿಯ ಲೆಕ್ಕ. 35 ಡಿಗ್ರಿ ಗಾಳಿಯನ್ನು ಒಂದು ಬಾರ್ ಬೂಸ್ಟ್‌ಗೆ (ಹೊರಗಿನ ಗಾಳಿಗಿಂತ ಟರ್ಬೊ ಸೇರಿಸೋ ಹೆಚ್ಚಿನ ಒತ್ತಡ) ಒತ್ತಿದರೆ ಟರ್ಬೊದಿಂದ ಹೊರಗೆ ಬರೋವಾಗ ಅದು 120 ಡಿಗ್ರಿ ದಾಟಿರುತ್ತದೆ. ಅದನ್ನು ತಣ್ಣಗೆ ಮಾಡೋದು ಇಂಟರ್‌ಕೂಲರ್ ಕೆಲಸ. ಎಂಜಿನ್‌ಗೆ ಹೋಗುವ ಗಾಳಿ 40ರ ಬದಲು 60 ಡಿಗ್ರಿ ಇದ್ದರೆ, ಅದೇ ಬೂಸ್ಟಿನಲ್ಲಿ ನೂರಕ್ಕೆ ಆರು ಪಾಲು ಗಾಳಿ ಕಡಿಮೆ. ಅದರ ಮೇಲೆ ನಾಕಿಂಗ್ (ಬಿಸಿಗೆ ಇಂಧನ ತಾನಾಗೇ ಸಿಡಿಯೋದು) ಭಯಕ್ಕೆ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಕಿಡಿ ಹಾರುವ ಟೈಮಿಂಗ್ ಹಿಂದಕ್ಕೆ ಸರಿಸುತ್ತದೆ, ಶಕ್ತಿ ಇಳಿಯುತ್ತದೆ. ಡಿಸೆಂಬರ್ ಬೆಳಗ್ಗೆ ಹಾರುವ ಕಾರು ಏಪ್ರಿಲ್ ಮಧ್ಯಾಹ್ನ ಮಂಕಾಗೋದು ಇದಕ್ಕೇ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಗಾಳಿಯ ಒತ್ತಡ ಗೋವಾಕ್ಕಿಂತ ನೂರಕ್ಕೆ ಎಂಟು ಪಾಲು ಕಡಿಮೆ. ಆ ಕೊರತೆ ತುಂಬೋಕೆ ಟರ್ಬೊ ಜಾಸ್ತಿ ತಿರುಗಬೇಕು, ಗಾಳಿ ಇನ್ನಷ್ಟು ಕಾಯುತ್ತದೆ. ಹಾಗಾಗಿ ನೀವು ಕೇಳಿದ ಮೂರರಲ್ಲಿ ನಮ್ಮ ಕಡೆಗೆ ಅರ್ಥ ಇರೋದು ಇಂಟರ್‌ಕೂಲರ್‌ಗೆ ಮಾತ್ರ. ಟಾರ್ಕ್ ಏರಿಸದೆ, ಇರುವ ಶಕ್ತಿಯನ್ನ ಬೇಸಿಗೆಯಲ್ಲೂ ಉಳಿಸಿಕೊಡುತ್ತದೆ.

ಆದರೆ ಅದು ಬೇಕೋ ಬೇಡವೋ ಅಂತ ನಿಮ್ಮ ಕಾರೇ ಹೇಳಲಿ. ಕಾರಿನ ಕಂಪ್ಯೂಟರಿನ ಅಂಕಿ ಫೋನಿಗೆ ಕಳಿಸೋ ಒಂದು ಒಬಿಡಿ ಡಾಂಗಲ್ ತಗೊಳ್ಳಿ, ಫೋನಿಗೆ ಆ್ಯಪ್ ಹಾಕಿ. ಗೋವಾದಿಂದ ವಾಪಸ್ ಚೋರ್ಲಾ ಏರುವಾಗ ಪಕ್ಕದಲ್ಲಿ ಕೂತವರು ಎರಡು ಅಂಕಿ ನೋಡಲಿ: ಇಂಟೇಕ್ ಗಾಳಿಯ ತಾಪ ಮತ್ತು ಇಗ್ನಿಷನ್ ಟೈಮಿಂಗ್. ಘಾಟ್ ಏರುವಾಗ ವೇಗ ಕಮ್ಮಿ, ಎಂಜಿನ್ ಮೇಲೆ ಭಾರ ಜಾಸ್ತಿ. ಇಂಟರ್‌ಕೂಲರ್‌ಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ತಿರುವಿನಿಂದ ತಿರುವಿಗೆ ತಾಪ ಏರುತ್ತಲೇ ಹೋಗಿ, ಟೈಮಿಂಗ್ ಇಳಿಯುತ್ತಾ ಬಂದರೆ ಇಂಟರ್‌ಕೂಲರ್‌ಗೆ ದುಡ್ಡು ಕೂಡಿಡಿ. ಹೊರಗಿನ ತಾಪಕ್ಕಿಂತ ಹತ್ತು-ಹದಿನೈದು ಡಿಗ್ರಿ ಮೇಲೆ ನಿಂತುಬಿಟ್ಟರೆ ಕಂಪನಿಯದೇ ಸಾಕು.

ಲಾಗ್ ತೆಗೆಯೋ ಮುಂಚೆ ಒಂದು ಕೆಲಸ ಇದೆ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಾನು ಕೆಲಸ ಮಾಡೋ ಶೆಡ್ಡಿನ ಪಕ್ಕ ಒಬ್ಬ ಹಳೇ ಮಿಸ್ತ್ರಿ ಇದ್ದಾರೆ. ಯಾರಾದರೂ ಟರ್ಬೊ ಗಾಡಿ ತಂದು ಪಿಕಪ್ ಸಾಲಲ್ಲ ಅಂದರೆ ಅವರದು ಒಂದೇ ಮಾತು: "ಮೊದಲ ಸೋರೂದು ನಿಂದ್ರಸ್ರಿ, ಆಮ್ಯಾಲ ಜೋರ್ ಹಚ್ಚೂಣು." ಬೂಸ್ಟ್ ಪೈಪಿಗೆ ಹೊಗೆ ತುಂಬಿಸಿ ನಿಲ್ತಾರೆ. ಹೋದ ಸಲ ನಾನು ನೋಡಿದಾಗ ಹೊಗೆ ಬಂದಿದ್ದು ಒಂದು ರಬ್ಬರ್ ಹೋಸಿನ ಕ್ಲಾಂಪ್ ಕೆಳಗಿಂದ. ಉಗುರಿನಷ್ಟು ಸೀಳು, ಸುತ್ತ ಎಣ್ಣೆ ಹಿಡಿದ ಕಪ್ಪು ಧೂಳು. ಆ ಸೀಳಿನಿಂದ ಗಾಳಿ ಹೋಗ್ತಾ ಇರುತ್ತೆ, ಟರ್ಬೊ ಅದನ್ನ ತುಂಬೋಕೆ ಸುಮ್ನೆ ದುಡೀತಾ ಇರುತ್ತೆ. ಇಂಥದ್ದೊಂದು ನಿಮ್ಮ ಕಾರಿನಲ್ಲಿದ್ದರೆ ಲಾಗ್ ಅಂಕಿಗಳೂ ಸುಳ್ಳು ಹೇಳ್ತವೆ. ಜೊತೆಗೇ ಪ್ಲಗ್ ಬಿಚ್ಚಿಸಿ ನೋಡಿ. ಬೂಸ್ಟ್ ಹೆಚ್ಚಾದಷ್ಟೂ ಕಿಡಿ ಹಾರೋದು ಕಷ್ಟ, ಸವೆದ ಪ್ಲಗ್‌ನ ಗ್ಯಾಪ್ ಅಗಲ ಆಗಿರುತ್ತದೆ. ಫುಲ್ ತುಳಿದಾಗ ಮೇಲಿನ ಆರ್‌ಪಿಎಂನಲ್ಲಿ ಕಾರು ತಡವರಿಸಿದರೆ ಮೊದಲ ಅನುಮಾನ ಅಲ್ಲೇ ಇರಲಿ.

ಟೈರ್ ಮತ್ತು ಬ್ರೇಕ್‌ಗೆ ದುಡ್ಡಿನ ದೊಡ್ಡ ಪಾಲು ಹೋಗಲಿ. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರದ ಟೈರ್. ಟೈರಿನ ಮೇಲಿನ ಗೀರುಗಳು ಎಷ್ಟೇ ಚೆನ್ನಾಗಿ ಕಾಣಲಿ, ಅಷ್ಟು ವಯಸ್ಸಾದ ರಬ್ಬರ್ ಗಟ್ಟಿಯಾಗಿರುತ್ತದೆ. 205/55 ಆರ್16ರ ನಾಲ್ಕು ಒಳ್ಳೆ ಟೈರ್ 30 ಸಾವಿರದ ಆಚೀಚೆ ಬರ್ತವೆ. ಮುಂದಿನ ಚಕ್ರಕ್ಕೆ ಶಕ್ತಿ ಹೋಗೋ ಕಾರು ಇದು. ಎರಡನೇ ಗೇರಿನಲ್ಲಿ ಟ್ರ್ಯಾಕ್ಷನ್ ದೀಪ (ಚಕ್ರ ಜಾರೋದನ್ನ ತೋರಿಸೋ ದೀಪ) ಮಿನುಗ್ತಾ ಇದ್ದರೆ, ಇರುವ ಟಾರ್ಕೇ ರಸ್ತೆಗೆ ಇಳೀತಾ ಇಲ್ಲ ಅಂತ ಅರ್ಥ.

ಬ್ರೇಕ್ ಆಯಿಲ್ ಕತೆ ಬೇರೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅನ್ನೋದು ಗುಣಮಟ್ಟದ ಲೆಕ್ಕ. ನೀರು ಹೀರಿಕೊಂಡ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಕಣಕುಂಬಿ ದಾಟಿ ಚೋರ್ಲಾ ಇಳಿಯುವಾಗ ಡಿ ಮೋಡಿನಲ್ಲಿ ಬರೀ ಬ್ರೇಕ್ ಮೇಲೆ ಬಂದರೆ ಆ ಬಿಸಿ ಮುಟ್ಟೋದು ಕಷ್ಟವೇನಲ್ಲ, ಪೆಡಲ್ ಮೆತ್ತಗೆ ಒಳಗೆ ಹೋಗುತ್ತೆ. ಹೊಸ ಆಯಿಲ್, ಒಳ್ಳೆ ಪ್ಯಾಡ್ ಹಾಕಿಸಿ, ಇಳಿಜಾರಿನಲ್ಲಿ ಮ್ಯಾನ್ಯುವಲ್ ಮೋಡಿಗೆ ಹಾಕಿ ಗೇರ್ ಇಳಿಸಿ. ಮತ್ತೆ ಲೋಕಾಪುರ, ಯರಗಟ್ಟಿ ರಸ್ತೆ ನಿಮಗೇ ಗೊತ್ತು. ಕಬ್ಬು ನುರಿಸೋ ಹಂಗಾಮಿನಲ್ಲಿ ರಾತ್ರಿ ಎರಡು ಟ್ರೇಲರ್ ಎಳ್ಕೊಂಡು ಹೋಗೋ ಟ್ರ್ಯಾಕ್ಟರ್‌ಗೆ ಹಿಂದೆ ದೀಪವೂ ಇರಲ್ಲ, ರಿಫ್ಲೆಕ್ಟರೂ ಇರಲ್ಲ. ಅಲ್ಲಿ ನಿಮಗೆ ಬೇಕಾಗೋದು ಇನ್ನೂ 30 ಪಿಎಸ್ ಅಲ್ಲ.

ಅದೇ ಕಬ್ಬು, ಜೊತೆಗೆ ಮೆಕ್ಕೆಜೋಳದಂಥ ಧಾನ್ಯದಿಂದ ಬಂದ ಎಥೆನಾಲ್ ಈಗ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಇದೆ. ಎಥೆನಾಲ್‌ಗೆ ಆಕ್ಟೇನ್ (ನಾಕಿಂಗ್ ತಡೆಯೋ ಗುಣ) ಜಾಸ್ತಿ, ಆವಿಯಾಗುವಾಗ ಗಾಳಿಯನ್ನ ತಂಪು ಮಾಡುತ್ತೆ. ಟರ್ಬೊಗೆ ಇದು ಒಳ್ಳೇದೇ. ಆದರೆ ಅದರಲ್ಲಿ ಶಕ್ತಿ ಕಮ್ಮಿ, ಮೈಲೇಜ್ ಸ್ವಲ್ಪ ಇಳಿಯುತ್ತೆ. 2016ರ ಕಾರಿನ ಇಂಧನದ ಪೈಪು, ರಬ್ಬರ್ ಸೀಲುಗಳನ್ನೂ ಒಮ್ಮೆ ನೋಡಿಸಿ.

ದುಡ್ಡು ಉಳಿದರೆ ಮ್ಯಾಪ್ ಬರೆದವರನ್ನು ಹುಡುಕಿ. ಹಿಂದಿನ ಮಾಲೀಕರ ಹತ್ತಿರ ಬಿಲ್ ಇರುತ್ತೆ, ಕೇಳಿ ನೋಡ್ರಿ. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ತಗ್ಗಿಸಿ, ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಬಿಡುವ ಹಾಗೆ ಫೈಲ್ ತಿದ್ದಿಕೊಡಿ ಅನ್ನಿ. 280 ಎನ್‌ಎಂನ್ನೇ 5500 ಆರ್‌ಪಿಎಂ ತನಕ ಹಿಡಿದರೂ 219 ಪಿಎಸ್ ಆಗುತ್ತದೆ. 1800 ಆರ್‌ಪಿಎಂನಲ್ಲಿ ಒಮ್ಮೆಲೇ ಬರುವ ಆ ಹೊಡೆತ ಹೋಗುತ್ತೆ, ಕ್ಲಚ್ ಉಸಿರಾಡುತ್ತೆ. ಟೈರನ್ನ ಮಾತ್ರ ಜೂನ್‌ಗೆ ಮುಂಚೆ ಹಾಕಿಸಿಬಿಡಿ, ಕಣಕುಂಬಿ ಮಳೆ ಶುರುವಾದ ಮೇಲೆ ಹಳೇ ಟೈರಿನಲ್ಲಿ ಆ ಕಡೆ ಬರಬೇಡಿ.