ಆಟಕ್ಕುಂಟು, ಲೆಕ್ಕಕ್ಕಿಲ್ಲ: ಊರಿನ ಮನೆ, ಒಂಬತ್ತು ಮಕ್ಕಳು, ಹತ್ತು ದಿನ

ನೀವು ಕೇಳಿದ್ದು ಇಷ್ಟು. ಮೇ ತಿಂಗಳಲ್ಲಿ ಹತ್ತು ದಿನ ಅಣ್ಣತಮ್ಮ, ಅಕ್ಕತಂಗಿಯರೆಲ್ಲ ಊರಿನ ಮನೆಯಲ್ಲಿ ಸೇರುತ್ತಿದ್ದೀರಿ. 4 ವರ್ಷದಿಂದ 14 ವರ್ಷದವರೆಗಿನ ಒಂಬತ್ತು ಮಕ್ಕಳು. ಜಾಸ್ತಿ ಖರ್ಚಿಲ್ಲದೆ, ಮೊಬೈಲ್ ಕೈಗೆ ಕೊಡದೆ, ಅವರನ್ನು ಖುಷಿಯಾಗಿಡುವುದು ಹೇಗೆ?

ನನ್ನ ತವರು ಹಾಸನ ಜಿಲ್ಲೆ ಚನ್ನರಾಯಪಟ್ಟಣದ ಕಡೆ ಒಂದು ಹಳ್ಳಿ. ತೆಂಗಿನ ತೋಟ, ಹಳೇ ಹೆಂಚಿನ ಮನೆ, ಅದಕ್ಕೆ ಸೇರಿಸಿ ಕಟ್ಟಿದ ಎರಡು ತಾರಸಿ ರೂಮು. ನಾವು ಮೂವರು ಅಕ್ಕತಂಗಿಯರು, ಒಬ್ಬ ಅಣ್ಣ. ಎಲ್ಲರ ಮಕ್ಕಳೂ ಸೇರಿದರೆ ಎಂಟು ಜನ. ಎಷ್ಟೋ ವರ್ಷದಿಂದ ಪ್ರತಿ ಬೇಸಿಗೆ ಅಲ್ಲೇ ಸೇರುತ್ತೇವೆ. ಹಾಗಾಗಿ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಮೊದಲಿಗೆ, ದಿನವನ್ನು ತುಂಬಿಸಲು ಹೋಗಬೇಡಿ. ಊರಿಗೆ ಬಂದ ಮೊದಲ ಎರಡು ದಿನ ಮಕ್ಕಳು "ಬೋರ್ ಆಗ್ತಿದೆ" ಅಂತ ನಿಮ್ಮ ಹಿಂದೆಯೇ ಸುತ್ತುತ್ತಾರೆ. ಸುತ್ತಲಿ. ಆಗ ಗಾಬರಿಯಾಗಿ ಟಿವಿ ಹಾಕಿದರೆ ಹತ್ತೂ ದಿನ ಟಿವಿಯೇ. ಮೂರನೇ ದಿನ ಅವರೇ ಏನಾದರೂ ಹುಡುಕಿಕೊಳ್ಳುತ್ತಾರೆ. ನಮ್ಮ ಮಕ್ಕಳು ಒಂದು ವರ್ಷ ಒಣಗಿ ಬಿದ್ದ ತೆಂಗಿನ ಗರಿಯ ಮೇಲೆ ಒಬ್ಬರನ್ನು ಕೂರಿಸಿ, ಇನ್ನಿಬ್ಬರು ದಡ ದಡ ಎಳೆದುಕೊಂಡು ಇಡೀ ತೋಟ ಸುತ್ತಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಚಿಕ್ಕವರಿದ್ದಾಗ ಅದೇ ಆಟ ಆಡಿದ್ದೆವು.

ಮೊಬೈಲಿಗೆ ನಮ್ಮಲ್ಲಿ ಒಂದೇ ನಿಯಮ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಎಲ್ಲರ ಫೋನೂ ನಡುಮನೆಯ ಬುಟ್ಟಿಯಲ್ಲಿ. ದೊಡ್ಡವರದ್ದೂ ಅಲ್ಲೇ. ಕರೆ ಬಂದರೆ ಅಲ್ಲೇ ನಿಂತು ಮಾತಾಡಿ ವಾಪಸ್ ಇಡಬೇಕು. ದೊಡ್ಡವರು ಪಾಲಿಸದಿದ್ದರೆ ಮಕ್ಕಳು ಒಂದು ದಿನವೂ ಪಾಲಿಸುವುದಿಲ್ಲ, ಇದು ಖಂಡಿತ.

ಇನ್ನು ವಯಸ್ಸಿನ ಅಂತರ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ನಾಲ್ಕರ ಮಗುವಿಗೂ ಹದಿನಾಲ್ಕರ ಹುಡುಗನಿಗೂ ಒಂದೇ ಆಟ ಹೇಗೆ? ಇದಕ್ಕೆ ನಮ್ಮ ಹಿರಿಯರು ಎಷ್ಟು ಚೆಂದದ ದಾರಿ ಇಟ್ಟಿದ್ದಾರೆ ನೋಡಿ. ಚಿಕ್ಕವರು "ಆಟಕ್ಕುಂಟು, ಲೆಕ್ಕಕ್ಕಿಲ್ಲ". ಲಗೋರಿಯಲ್ಲಿ ಪುಟ್ಟ ಮಗು ಎಲ್ಲರ ಜೊತೆ ಓಡುತ್ತದೆ, ಚೆಂಡೂ ಎಸೆಯುತ್ತದೆ. ಅದಕ್ಕೆ ಚೆಂಡು ಬಿದ್ದರೂ ಅದು ಔಟಲ್ಲ. ಏಳು ಹೆಂಚಿನ ಚೂರು ಜೋಡಿಸಿದವರಲ್ಲಿ ಅದೂ ಒಬ್ಬರು. ಯಾರೂ ಹೊರಗೆ ಕೂರಬೇಕಾಗಿಲ್ಲ, ದೊಡ್ಡವರ ಆಟವೂ ಕೆಡುವುದಿಲ್ಲ. ಬಂದ ದಿನವೇ ಮಕ್ಕಳನ್ನೆಲ್ಲ ಕೂರಿಸಿ ಈ ನಿಯಮ ಹೇಳಿ. ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ.

ಲಗೋರಿ, ಚಿನ್ನಿದಾಂಡು, ಮರಕೋತಿ ಎಲ್ಲ ಬೆಳಗ್ಗೆ ಒಂಬತ್ತೂವರೆ ಒಳಗೆ, ಇಲ್ಲವೇ ಸಂಜೆ ಐದರ ಮೇಲೆ. ಮಧ್ಯಾಹ್ನದ ಬಿಸಿಲಿಗೆ ಬಿಡಬೇಡಿ. ಆ ಹೊತ್ತಿಗೆ ಚೌಕಾಬಾರ ಇದೆ. ಜಗಲಿಯ ಮೇಲೆ ಇದ್ದಿಲಲ್ಲಿ ಉದ್ದ ಐದು, ಅಡ್ಡ ಐದು ಮನೆ ಬರೆಯಿರಿ. ಕವಡೆ ಇಲ್ಲದಿದ್ದರೂ ಚಿಂತೆಯಿಲ್ಲ. ನಾಲ್ಕು ಹುಣಸೆಬೀಜ ತೆಗೆದುಕೊಂಡು ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಬರಿಸಿ. ಆ ಉಜ್ಜುವ ಕೆಲಸವನ್ನೇ ಮಕ್ಕಳಿಗೆ ಕೊಡಿ, ಒಂದು ಗಂಟೆ ಹೋಗುತ್ತದೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಈ ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣಾಯಿತು. ಒಂದೇ ಮಣೆಯಲ್ಲಿ ನಾಲ್ಕು ಜನ ಆಡಬಹುದು. ಚಿಕ್ಕವರನ್ನು ಅಜ್ಜಿಯ ಜೋಡಿ ಮಾಡಿ. ನಮ್ಮ ಅಮ್ಮ ಈ ಆಟಕ್ಕೆ ಕೂತರೆ ಮೊಮ್ಮಕ್ಕಳು ಅಂತ ಒಂದು ಕಾಯನ್ನೂ ಬಿಟ್ಟುಕೊಡುವುದಿಲ್ಲ. ಮಕ್ಕಳಿಗೆ ಅದೇ ಇಷ್ಟ. ತಮ್ಮನ್ನು ಸರಿಸಮ ಅಂತ ನೋಡುವ ದೊಡ್ಡವರು ಅವರಿಗೆ ಬೇಗ ಸಿಗುವುದಿಲ್ಲ, ಅಲ್ವಾ?

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಸಂಡಿಗೆ ಹಾಕುವ ದಿನ.

ನಿಮ್ಮ ಹತ್ತು ದಿನದಲ್ಲಿ ಒಂದೇ ಒಂದು ಕೆಲಸ ಮಾಡಲು ಸಾಧ್ಯವಿದ್ದರೆ ಇದನ್ನು ಮಾಡಿ. ಸಬ್ಬಕ್ಕಿ ಸಂಡಿಗೆ ಸುಲಭ. ರಾತ್ರಿಯೇ ಸಬ್ಬಕ್ಕಿ ನೆನೆಹಾಕಿ. ಬೆಳಗ್ಗೆ ಐದಕ್ಕೆ ಒಬ್ಬರು ಎದ್ದು ಒಂದು ಪಾವಿಗೆ ನಾಲ್ಕೈದು ಪಾವು ನೀರು ಲೆಕ್ಕದಲ್ಲಿ ಕುದಿಸಿ, ಕಾಳು ಗಾಜಿನ ಹಾಗೆ ಕಾಣುವವರೆಗೆ ಬೇಯಿಸಬೇಕು. ರುಬ್ಬಿದ ಹಸಿಮೆಣಸಿನಕಾಯಿ, ಉಪ್ಪು, ಜೀರಿಗೆ, ಇಂಗು. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ. ಕೈ ಸುಡದಷ್ಟು ಆರಲು ಬಿಡಿ. ಬಿಸಿಯಿರುವಾಗ ಮಕ್ಕಳನ್ನು ಹತ್ತಿರ ಸೇರಿಸಬೇಡಿ, ಗಂಜಿ ಮೈಗೆ ಅಂಟಿಕೊಂಡು ಸುಡುತ್ತದೆ.

ಬಿಸಿಲು ಏರುವ ಮೊದಲೇ ತಾರಸಿಯ ಮೇಲೆ ಒಗೆದ ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಡಿ. ಒಬ್ಬೊಬ್ಬರ ಕೈಗೂ ಒಂದು ಸೌಟು ಅಥವಾ ಚಮಚ ಕೊಡಿ. ಸಾಲಾಗಿ ಹಾಕುತ್ತಾ ಹೋಗುವುದು. ಚಿಕ್ಕವರದ್ದು ಅಂಕುಡೊಂಕು ಇರುತ್ತದೆ. ಸರಿಮಾಡಬೇಡಿ. ನಮ್ಮ ಅಕ್ಕನ ಮಗಳು ಐದು ವರ್ಷದವಳಿದ್ದಾಗ ಮೀನು, ಆನೆ, ತನ್ನ ಹೆಸರಿನ ಅಕ್ಷರ ಎಲ್ಲ ಹಾಕಿದ್ದಳು. ಅವು ಒಣಗಿದ ಮೇಲೂ ಗುರುತು ಸಿಕ್ಕವು, ಕರಿದ ಮೇಲೂ ಸಿಕ್ಕವು. "ಇದು ನನ್ನ ಆನೆ" ಅಂತ ತಟ್ಟೆಯಿಂದ ಎತ್ತಿ ತಾತನಿಗೆ ತಿನ್ನಿಸಿದಳು. ಅಪ್ಪ ಹೋಗಿ ಈಗ ಮೂರು ವರ್ಷವಾಯಿತು. ಆ ಹುಡುಗಿ ಪ್ರತಿ ವರ್ಷವೂ ಒಂದು ಆನೆ ಹಾಕುತ್ತಾಳೆ.

ಆಮೇಲೆ ಕಾಗೆ ಕಾಯುವ ಪಾಳಿ. ಒಂದು ಕಪ್ಪು ಬಟ್ಟೆ ಕಟ್ಟಿದ ಕೋಲು, ಒಂದು ಹಳೇ ಛತ್ರಿ, ಒಂದು ಚೊಂಬು ನೀರು. ಇಬ್ಬಿಬ್ಬರಿಗೆ ಅರ್ಧ ಗಂಟೆ. ಕಾಯುವವರು ಅರ್ಧ ಒಣಗಿದ ಸಂಡಿಗೆಯನ್ನು ಕಿತ್ತು ತಿನ್ನುತ್ತಾರೆ. ಅಮ್ಮ ಅದಕ್ಕೆಂದೇ ಒಂದು ಪಾವು ಜಾಸ್ತಿ ನೆನೆಹಾಕುತ್ತಾರೆ. ಸಂಜೆ ಬಟ್ಟೆಯ ಹಿಂಬದಿಗೆ ನೀರು ಚಿಮುಕಿಸಿದರೆ ಸಂಡಿಗೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಮಾರನೇ ದಿನ ಮಗುಚಿ ಹಾಕಿ ಒಣಗಿಸಬೇಕು. ಎರಡು ದಿನ ಇಡೀ ಮನೆ ಇದರಲ್ಲೇ ಮುಳುಗಿರುತ್ತದೆ. ಆಟಿಕೆ ಕೊಟ್ಟು ಕೂರಿಸಿದರೆ ಈ ಖುಷಿ ಬರುವುದಿಲ್ಲ. ಇದು ನಿಜವಾದ ಕೆಲಸ, ಮನೆಗೆ ಬೇಕಾದ ಕೆಲಸ, ಅದರಲ್ಲಿ ತನ್ನ ಕೈಯೂ ಇದೆ ಅಂತ ಮಗುವಿಗೆ ಗೊತ್ತಾಗುತ್ತದೆ.

ನೀರಾಟದ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ತೋಟದ ಬೋರ್‌ವೆಲ್ ಪೈಪಿನ ಕೆಳಗಿರುವ ಸಣ್ಣ ತೊಟ್ಟಿ ಸಾಕು. ಮೋಟಾರ್ ಓಡಿಸುವ ತ್ರೀಫೇಸ್ ಕರೆಂಟ್ ದಿನಕ್ಕೆ ಕೆಲವು ಗಂಟೆ ಮಾತ್ರ ಬರುವುದು. ಅದು ಬಂತು ಅಂದ ಕೂಡಲೇ ಮಕ್ಕಳೆಲ್ಲ ಟವೆಲ್ ಹಿಡಿದು ಓಡುತ್ತಾರೆ. ಪೈಪಿನ ನೀರಿಗೆ ಬೆನ್ನು ಕೊಟ್ಟು ನಿಲ್ಲುವ ಸುಖಕ್ಕೆ ಯಾವ ವಾಟರ್ ಪಾರ್ಕೂ ಸಮ ಇಲ್ಲ. ಆದರೆ ಸ್ಟಾರ್ಟರ್, ವೈರುಗಳ ಹತ್ತಿರ ದೊಡ್ಡವರೊಬ್ಬರು ನಿಂತಿರಲೇಬೇಕು. ಕೆರೆಗೆ, ಬಾವಿಗೆ ಮಕ್ಕಳನ್ನೇ ಕಳಿಸಬೇಡಿ. ಕೆರೆಯಲ್ಲಿ ಹೂಳು, ಮಣ್ಣು ತೆಗೆದ ಗುಂಡಿಗಳಿರುತ್ತವೆ, ಮೇಲಿಂದ ಕಾಣುವುದಿಲ್ಲ. ಕೃಷಿ ಹೊಂಡ ಇನ್ನೂ ಅಪಾಯ. ಅದಕ್ಕೆ ಹಾಸಿರುವ ಪ್ಲಾಸ್ಟಿಕ್ ಜಾರುತ್ತದೆ. ಬಿದ್ದರೆ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಬೇಸಿಗೆ ರಜೆಯಲ್ಲಿ ಊರಿಗೆ ಬಂದ ಮಕ್ಕಳ ಇಂಥ ಸುದ್ದಿ ಓದಿದಾಗಲೆಲ್ಲ ನನ್ನ ಹೊಟ್ಟೆ ಕಿವುಚುತ್ತದೆ. ಊರಿಗೆ ಹೋದ ದಿನವೇ ಎಲ್ಲೆಲ್ಲಿ ಹೊಂಡ, ತೆರೆದ ಬಾವಿ ಇದೆ ಅಂತ ನೀವೇ ನಡೆದು ನೋಡಿಕೊಂಡು ಬನ್ನಿ.

ಒಂದು ದಿನ ಹೊರಗೆ ಹೋಗಬೇಕು ಅನ್ನಿಸಿದರೆ ದೂರ ಹೋಗಬೇಡಿ, ನಿಮ್ಮ ಊರಿಗೆ ಹತ್ತಿರದ್ದನ್ನೇ ಆರಿಸಿ. ನಮಗೆ ಶ್ರವಣಬೆಳಗೊಳ ಹತ್ತಿರ. ಬರಿಗಾಲಲ್ಲಿ ಹತ್ತಬೇಕು, ಬಂಡೆ ಕಾದರೆ ಕಾಲಿಡಲು ಆಗದು. ಹಾಗಾಗಿ ಬೆಳಗ್ಗೆ ಏಳಕ್ಕೆಲ್ಲ ಬುಡದಲ್ಲಿರುತ್ತೇವೆ. ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಎಂಟು ಮಕ್ಕಳು ಎಣಿಸಿದರೆ ಎಂಟು ಲೆಕ್ಕ ಬರುತ್ತದೆ, ಇಳಿಯುವಾಗ ಮತ್ತೆ ಎಣಿಸುತ್ತಾರೆ. ಮೇಲೆ ಗೊಮ್ಮಟನ ಪಾದದ ಹತ್ತಿರ ನಿಂತು ತಲೆಯೆತ್ತಿದಾಗ ಎಲ್ಲರೂ ಸುಮ್ನಾಗುತ್ತಾರೆ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಮೂರ್ತಿ, ಒಂದೇ ಬಂಡೆ ಅಂತ ಹೇಳಿದರೆ ಸಾಕು. ಹತ್ತಕ್ಕೆ ಕೆಳಗಿಳಿದು, ಕಟ್ಟಿಕೊಂಡು ಹೋದ ಪುಳಿಯೋಗರೆ ತಿಂದು ಮನೆಗೆ.

ಹಬ್ಬ ಅಂತ ಕೇಳಿದರೆ, ಬೇಲೂರು, ಮೇಲುಕೋಟೆಯ ದೊಡ್ಡ ಉತ್ಸವಗಳು ಮಾರ್ಚ್ ಏಪ್ರಿಲ್‌ನಲ್ಲೇ ಆಗಿಹೋಗಿರುತ್ತವೆ. ಮೇ ತಿಂಗಳಲ್ಲಿ ನಿಮ್ಮ ಊರಿನ ದೇವತೆಯ ಹಬ್ಬ ಇದೆಯಾ ವಿಚಾರಿಸಿ, ಸಾಧ್ಯವಾದರೆ ಅದಕ್ಕೆ ಹೊಂದುವ ಹಾಗೆ ಹೊರಡಿ. ತೇರು ಇದ್ದರೆ ಮಕ್ಕಳ ಕೈಗೆ ಬಾಳೆಹಣ್ಣು, ದವನ ಕೊಡಿ. ಕಳಸಕ್ಕೆ ಗುರಿಯಿಟ್ಟು ಎಸೆಯಲಿ. ನಾವು ಜಾತ್ರೆಗೆ ಪ್ರತಿ ಮಗುವಿಗೆ ಇಷ್ಟು ದುಡ್ಡು ಅಂತ ಸಮನಾಗಿ ಕೊಡುತ್ತೇವೆ. ಎಲ್ಲರ ದುಡ್ಡೂ ದೊಡ್ಡ ಹುಡುಗನ ಕೈಯಲ್ಲಿ, ಲೆಕ್ಕ ಅವನದೇ. ನಿಮ್ಮ ಹದಿನಾಲ್ಕರ ಹುಡುಗ ಅಥವಾ ಹುಡುಗಿ ಮುಖ ಊದಿಸಿಕೊಂಡು ಕೂತಿದ್ದರೆ ಈ ಜವಾಬ್ದಾರಿ ಕೊಟ್ಟು ನೋಡಿ. ಬೆಂಡು ಬತ್ತಾಸಿನ ಅಂಗಡಿಯ ಮುಂದೆ ನಮ್ಮವನು ಚೌಕಾಸಿ ಮಾಡಿದ್ದನ್ನು ಇಡೀ ವರ್ಷ ಹೇಳಿಕೊಂಡ.

ಹುಟ್ಟುಹಬ್ಬಗಳನ್ನೂ ಒಟ್ಟಿಗೇ ಮಾಡಿಬಿಡಿ. ಏಪ್ರಿಲ್, ಮೇ, ಜೂನ್‌ನಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಸಾಲಾಗಿ ಮಣೆಯ ಮೇಲೆ ಕೂರಿಸಿ, ಎಣ್ಣೆ ಸ್ನಾನ ಮಾಡಿಸಿ, ಆರತಿ ಎತ್ತಿ, ಗಸಗಸೆ ಪಾಯಸ. ಕೇಕ್ ಬೇಕು ಅಂತ ಹಟ ಮಾಡಿದರೆ ತರಿಸಿ, ಅದಕ್ಕೂ ಜಗಳ ಬೇಡ.

ಹುಣ್ಣಿಮೆ ನಿಮ್ಮ ಹತ್ತು ದಿನದಲ್ಲಿ ಬಿದ್ದರೆ ಅದೃಷ್ಟ. ತಾರಸಿಯ ಮೇಲೆ ಬೆಳದಿಂಗಳ ಊಟ. ಅಮ್ಮ ದೊಡ್ಡ ಬೇಸಿನ್‌ನಲ್ಲಿ ಅನ್ನ, ಸಾರು, ತುಪ್ಪ ಕಲಸಿ ನಡುವೆ ಕೂರುತ್ತಾರೆ. ಸುತ್ತ ಮಕ್ಕಳು, ಅವರ ಹಿಂದೆ ನಾವು ದೊಡ್ಡವರೂ ಕೈಚಾಚಿಕೊಂಡು. ತುತ್ತನ್ನು ಅಂಗೈಗೆ ಇಟ್ಟು, ಹೆಬ್ಬೆರಳಲ್ಲಿ ಗುಳಿ ಮಾಡಿ, ಅದಕ್ಕಿಷ್ಟು ಗೊಜ್ಜು. ತಟ್ಟೆಯಲ್ಲಿ ಎರಡು ತುತ್ತು ಬಿಡುವ ಮಗು ಕೈತುತ್ತಿನಲ್ಲಿ ಎಷ್ಟು ತಿನ್ನುತ್ತದೆ ಅಂತ ನೋಡಿಯೇ ತಿಳಿಯಬೇಕು.

ಕೊನೆಯದಾಗಿ, ನೀವು ಕೇಳದೇ ಇದ್ದದ್ದನ್ನು ಹೇಳುತ್ತೇನೆ. ಅಡುಗೆಮನೆ. ಕೆಲವು ವರ್ಷದ ಹಿಂದೆ ನಾವೆಲ್ಲ ಖುಷಿಯಾಗಿ ಹತ್ತು ದಿನ ಇದ್ದು ಬೆಂಗಳೂರಿಗೆ ಬಂದೆವು. ಆಮೇಲೆ ಅಮ್ಮ ಒಂದು ವಾರ ಸೊಂಟನೋವಿನಿಂದ ಮಲಗಿದ್ದರಂತೆ. ನಮಗೆ ಹೇಳಲೇ ಇಲ್ಲ. ಅತ್ತಿಗೆ ಫೋನಿನಲ್ಲಿ ಬಾಯಿತಪ್ಪಿ ಹೇಳಿದಾಗ ಗೊತ್ತಾಯಿತು. ಹದಿನೆಂಟು ಜನಕ್ಕೆ ಮೂರು ಹೊತ್ತು ಅಮ್ಮ ಮತ್ತು ಅತ್ತಿಗೆ ಇಬ್ಬರೇ ಬೇಯಿಸಿದ್ದರು. ಅತ್ತಿಗೆ ತನ್ನ ತವರಿಗೆ ಆ ರಜೆಯಲ್ಲಿ ಹೋಗಿಯೇ ಇರಲಿಲ್ಲ. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ.

ಆಮೇಲಿಂದ ನಮ್ಮ ಮನೆಯಲ್ಲಿ ಪದ್ಧತಿ ಬದಲಾಯಿತು. ಬೆಳಗ್ಗೆ ಒಂದೇ ತಿಂಡಿ. ಉಪ್ಪಿಟ್ಟು, ಅವಲಕ್ಕಿ, ಮಾವಿನಕಾಯಿ ಚಿತ್ರಾನ್ನ, ಹೀಗೆ ಬೇಗ ಆಗುವಂಥದ್ದು. ಇಷ್ಟು ಜನಕ್ಕೆ ಅಕ್ಕಿರೊಟ್ಟಿ ತಟ್ಟುವ ಆಸೆ ಬಿಡಿ. ಮಧ್ಯಾಹ್ನ ಮುದ್ದೆ, ಸಾರು. ಮುದ್ದೆ ತಿರುವುವುದು ಅಣ್ಣ ಮತ್ತು ಭಾವಂದಿರ ಕೆಲಸ. ಅದಕ್ಕೆ ರಟ್ಟೆಯಲ್ಲಿ ಬಲ ಬೇಕು, ಅವರಿಗಿದೆ. ತರಕಾರಿ ಹೆಚ್ಚುವುದು ರಾತ್ರಿ ಜಗಲಿಯ ಮೇಲೆ, ಮಾತಾಡುತ್ತಾ ಎಲ್ಲರೂ ಸೇರಿ. ಮಕ್ಕಳು ತಮ್ಮ ತಟ್ಟೆ ತಾವೇ ತೊಳೆಯಬೇಕು, ನಾಲ್ಕು ವರ್ಷದವರಿಗೂ ಇದು ಬರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕು ಅಡುಗೆಮನೆ ಬಂದ್, ಹಸಿವಾದವರಿಗೆ ಹಣ್ಣು, ಕಡ್ಲೆಪುರಿ. ಮತ್ತೆ ಅತ್ತಿಗೆ ನಾವು ಬಂದ ಐದನೇ ದಿನಕ್ಕೆ ತನ್ನ ತವರಿಗೆ ಹೊರಡುತ್ತಾಳೆ. ಆಮೇಲಿನ ಐದು ದಿನ ಅವಳ ಮಕ್ಕಳನ್ನೂ ಮನೆಯನ್ನೂ ನಾವು ನೋಡಿಕೊಳ್ಳುತ್ತೇವೆ.

ಹೊರಡುವ ಮುಂಚೆ ಎರಡು ಕೆಜಿ ಸಬ್ಬಕ್ಕಿ, ಒಂದು ರಬ್ಬರ್ ಚೆಂಡು, ಗಾಯಕ್ಕೆ ಮುಲಾಮು, ಓಆರ್‌ಎಸ್ ಪ್ಯಾಕೆಟ್ ತೆಗೆದುಕೊಳ್ಳಿ. ಹುಣಸೆಬೀಜ ಅಲ್ಲೇ ಸಿಗುತ್ತದೆ. ಸಂಡಿಗೆಯನ್ನು ಮೊದಲ ಮೂರು ದಿನದೊಳಗೇ ಹಾಕಿಬಿಡಿ. ಮೇ ಅಂದರೆ ಭರಣಿ, ಕೃತ್ತಿಕೆ ಮಳೆಯ ಹೊತ್ತು, ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಒಂಬತ್ತೂ ಮಕ್ಕಳನ್ನು ತಾರಸಿಗೆ ಓಡಿಸಿ ಬಟ್ಟೆ ಎತ್ತಿಸಬೇಕಾಗುತ್ತದೆ.