ಸನ್ನಿವೇಲ್ ಮನೆಗೆ ಕೌಂಟಿ ಕಾನೂನು ಅನ್ವಯಿಸುತ್ತಾ?

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಹಿತ್ತಿಲಿಗೆ ಒಂದು ರೂಮು ಕಟ್ಟಿಸಲು ಸಾಂಟಾ ಕ್ಲಾರಾ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಅನುಮತಿ ಬೇಕಾ ಎಂದು ಕೇಳಿದ್ದೀರಿ. ಬೇಡ, ಸನ್ನಿವೇಲ್ ನಗರದ್ದು ಬೇಕು. ಕೌಂಟಿಯಲ್ಲಿ 15 ನಗರಗಳಿವೆ. ಅವುಗಳ ಗಡಿಯೊಳಗೆ ಕಟ್ಟಡದ ಪರ್ಮಿಟ್ ಕೊಡುವುದು ಆಯಾ ನಗರವೇ. ಸ್ಯಾನ್ ಮಾರ್ಟಿನ್‌ನಂಥ, ಯಾವ ನಗರಕ್ಕೂ ಸೇರದ ಊರಾದರೆ ಮಾತ್ರ ಕೌಂಟಿ ಆಫೀಸಿಗೆ ಹೋಗಬೇಕು.

ನಮ್ಮ ಜಿಲ್ಲೆಗಳಲ್ಲಿ ಇರುವ ಹಾಗೆ ಕೌಂಟಿಯಲ್ಲಿ ಸರ್ಕಾರ ಕಳಿಸಿದ ಡಿಸಿ ಇರುವುದಿಲ್ಲ. ಜನ ಆರಿಸಿದ 5 ಸೂಪರ್‌ವೈಸರ್‌ಗಳ ಮಂಡಳಿ ಆರ್ಡಿನೆನ್ಸ್ ಮಾಡುತ್ತದೆ. ಹೆಸರು ಕೇಳಿ ಸುಗ್ರೀವಾಜ್ಞೆ ಅಂದುಕೊಳ್ಳಬೇಡಿ, ಸ್ಥಳೀಯ ಕಾನೂನಿಗೆ ಅಲ್ಲಿ ಅದೇ ಹೆಸರು. ರಾಜ್ಯದ ಕಾನೂನಿಗೆ ವಿರುದ್ಧವಾದರೆ ಅದು ಊರ್ಜಿತವಾಗುವುದಿಲ್ಲ.

ಆಸ್ತಿ ತೆರಿಗೆ ಬಿಲ್ ಮಾತ್ರ ಎಲ್ಲೇ ಇದ್ದರೂ ಕೌಂಟಿಯಿಂದಲೇ ಬರುತ್ತದೆ. ಮೊದಲ ಕಂತು ಡಿಸೆಂಬರ್ 10, ಎರಡನೆಯದು ಏಪ್ರಿಲ್ 10ರೊಳಗೆ. ತಪ್ಪಿದರೆ ದಂಡ ಶೇ. 10, ಜಾಸ್ತಿನೇ ಅಲ್ವಾ?